ಹಳೆಯ ಎಂಜಿನ್ನಿಗೆ ಹೊಸ ಹಾಜರಿ ಸಂಖ್ಯೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಇಂಗ್ಲೆಂಡಿನಲ್ಲಿದ್ದೀಯ, ನಿನ್ನ ಸಾಧನೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು" ಎಂದರು. ನಾನು ಡರ್ಬಿ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುವವನು. ಲೈಟು ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಭಾಷಣ ಮಾಡುವಂಥ ಸಾಧನೆ ಏನೂ ಇಲ್ಲ. ಅದಕ್ಕೇ, "ಸಾಧನೆ ಬೇಡ, ಒಂದು ಆಟಿಕೆ ರೈಲಿನ ಕಥೆ ಹೇಳಲಾ?" ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಕೊನೆಗೆ ಒಪ್ಪಿದರು. ಈ ಎರಡು ಬೆಂಚು ಜೋಡಿಸಿ ಅದರ ಮೇಲೆ ಹಳಿ ಹಾಕಿರುವುದು ಅದಕ್ಕಾಗಿಯೇ. ಮಕ್ಕಳು ಆಗಿನಿಂದ ಅದನ್ನೇ ನೋಡುತ್ತಿದ್ದಾರೆ, ನನ್ನನ್ನಲ್ಲ. ಅದೂ ಸರಿಯೇ.

ನಮ್ಮ ಭಾಗದವರಿಗೆ ರೈಲು ಎಂದರೆ ತಾಳಗುಪ್ಪದ ರೈಲು. ನಾವು ಓದುತ್ತಿದ್ದಾಗ ಅದು ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದು ಮೀಟರ್. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಬಂತು, ಅಂದರೆ 1,676 ಮಿಲಿಮೀಟರ್. ನಾನು ತಂದಿರುವ ಈ ಹಳಿಯ ಅಗಲ 16.5 ಮಿಲಿಮೀಟರ್. ಗೇಜ್ ಪರಿವರ್ತನೆ ಎಂಬ ಮಾತು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಪರಿವರ್ತನೆ ಆದಾಗ ಹಳೆಯ ಎಂಜಿನ್ನು, ಹಳೆಯ ಡಬ್ಬಿ ಎಲ್ಲ ಎಲ್ಲಿಗೋ ಹೋದವು. ಹೊಸ ಹಳಿಯ ಮೇಲೆ ಅವು ನಿಲ್ಲಲಾರವು, ಬೇರೆ ದಾರಿ ಇರಲಿಲ್ಲ. ನಾನು ಇಂದು ಹೇಳುವುದು ಇನ್ನೊಂದು ಬಗೆಯ ಪರಿವರ್ತನೆ. ಇದರಲ್ಲಿ ಎಂಜಿನ್ನು ಹಳೆಯದೇ, ಮೋಟರು ಹಳೆಯದೇ, ಹಳಿಯೂ ಅದೇ. ಅದಕ್ಕೆ ಆಜ್ಞೆ ಕೊಡುವ ಬಗೆ ಮಾತ್ರ ಬದಲಾಗುತ್ತದೆ.

ನನ್ನ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಡರ್ಬಿ ರೈಲ್ವೆಯ ಊರು. ಅಲ್ಲಿನ ಕಾರ್ಖಾನೆಯಲ್ಲಿ 1957ರವರೆಗೆ ಉಗಿ ಎಂಜಿನ್ನುಗಳನ್ನು ಕಟ್ಟುತ್ತಿದ್ದರು. ಇವರು ಆ ಕಾಲದಲ್ಲಿ ಅಪ್ರೆಂಟಿಸ್ ಆಗಿ ಸೇರಿ ಫಿಟ್ಟರ್ ಆಗಿ ನಿವೃತ್ತರಾದವರು. ಮೊದಲ ಸಂಬಳದಲ್ಲಿ ತಮ್ಮನಿಗೆಂದು ಒಂದು ಆಟಿಕೆ ಎಂಜಿನ್ ಕೊಂಡಿದ್ದರು. ಟ್ರೈ-ಆಂಗ್ ಎಂಬ ಕಂಪನಿಯದು. ಅದು ನಿಜವಾದ ಒಂದು ಶಂಟಿಂಗ್ ಎಂಜಿನ್ನಿನ ಪ್ರತಿರೂಪ. ಆ ನಿಜವಾದ ಎಂಜಿನ್ನಿಗೆ ಅಲ್ಲಿ 'ಜಿಂಟಿ' ಎಂದು ಮುದ್ದಿನ ಹೆಸರು. 1924ರಿಂದ 1931ರವರೆಗೆ ಅಂಥ 422 ಎಂಜಿನ್ನುಗಳು ತಯಾರಾದವು. ನೋಡಲು ಚಂದವೇನಿಲ್ಲ. ಮೈಗೆ ಅಂಟಿಕೊಂಡ ನೀರಿನ ತೊಟ್ಟಿ, ಆರು ಚಕ್ರ, ಗಿಡ್ಡ ಹೊಗೆ ಕೊಳವೆ. ಗೂಡ್ಸ್ ಯಾರ್ಡಿನಲ್ಲಿ ದಿನವಿಡೀ ಹಿಂದೆ ಮುಂದೆ ವ್ಯಾಗನ್ ನೂಕುವ ಕೂಲಿ ಎಂಜಿನ್.

ಆ ತಮ್ಮ ಈಗಿಲ್ಲ. ಎಂಜಿನ್ ಉಳಿದಿದೆ. ಹಿರಿಯರು ಮನೆಯ ಅಟ್ಟದಲ್ಲಿ ಒಂದು ದೊಡ್ಡ ಹಲಗೆಯ ಮೇಲೆ ಹಳಿ ಹಾಕಿ, ಸ್ಟೇಷನ್ನು, ಯಾರ್ಡು ಎಲ್ಲ ಮಾಡಿಟ್ಟಿದ್ದಾರೆ. ಆ ದೇಶದಲ್ಲಿ ಇದು ಮಕ್ಕಳಾಟ ಮಾತ್ರವಲ್ಲ, ದೊಡ್ಡವರ ಹವ್ಯಾಸ. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಎಂಬವರು 1920ರಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು ಮಾರಲು ಶುರು ಮಾಡಿದರು. 1938ರಲ್ಲಿ ಅದೇ ಕಂಪನಿಯಿಂದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ರೈಲು ಬಂತು. ನಿಜವಾದ ರೈಲಿನ ಒಂದು ಅಡಿಗೆ ಇಲ್ಲಿ ನಾಲ್ಕು ಮಿಲಿಮೀಟರ್, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಟ್ರೈ-ಆಂಗ್ ಬಂದದ್ದು 1950ರ ದಶಕದಲ್ಲಿ. ಮೈ ಪ್ಲಾಸ್ಟಿಕ್ಕು, ಬೆಲೆ ಕಡಿಮೆ, ಕೂಲಿಯವರ ಮಕ್ಕಳಿಗೂ ಎಟುಕುವಂಥದ್ದು. ಅವುಗಳಲ್ಲಿ ಬಹಳಷ್ಟು ಎಂಜಿನ್ನುಗಳು ಇಂದಿಗೂ ಓಡುತ್ತವೆ.

ಮಕ್ಕಳೇ, ಈಗ ವಿಜ್ಞಾನಕ್ಕೆ ಬರೋಣ. ಹಳೆಯ ಪದ್ಧತಿಯಲ್ಲಿ ಆಟಿಕೆ ರೈಲು ಓಡುವುದು ಹೇಗೆ? ಎರಡು ಹಳಿಗಳಿಗೆ 12 ವೋಲ್ಟಿನವರೆಗೆ ಡಿ.ಸಿ. ಕರೆಂಟ್ ಕೊಡುತ್ತಾರೆ. ಒಂದು ಹಳಿ ಧನ, ಇನ್ನೊಂದು ಋಣ. ಚಕ್ರಗಳ ಮೂಲಕ ಕರೆಂಟ್ ಮೋಟರಿಗೆ ಹೋಗುತ್ತದೆ. ವೋಲ್ಟೇಜು ಹೆಚ್ಚಿಸಿದರೆ ವೇಗ ಹೆಚ್ಚು. ಧನ ಋಣ ಅದಲು ಬದಲಾದರೆ ಎಂಜಿನ್ ಹಿಂದಕ್ಕೆ. ಸರಳ. ಆದರೆ ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ? ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಹಳಿಗೆ ಕೊಟ್ಟ ಕರೆಂಟು ಯಾರದು ಎಂದು ಎಂಜಿನ್ನಿಗೆ ಗೊತ್ತಿಲ್ಲವಲ್ಲ.

ಅದಕ್ಕೆ ಹಿಂದಿನವರು ಒಂದು ಉಪಾಯ ಮಾಡಿದ್ದರು. ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಒಂದೊಂದು ಸ್ವಿಚ್ಚು ಇಡುವುದು. ಯಾವ ಎಂಜಿನ್ ಓಡಬೇಕೋ ಅದು ನಿಂತ ತುಂಡಿಗೆ ಮಾತ್ರ ಕರೆಂಟು. ಇಲ್ಲಿರುವ ಹಿರಿಯರು ನೋಡಿದ್ದೀರಿ, ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ತರು ಚಾಲಕನ ಕೈಗೆ ದೊಡ್ಡ ಬಳೆಯಲ್ಲಿ ಸಿಕ್ಕಿಸಿದ ಟೋಕನ್ ಕೊಡುತ್ತಿದ್ದರು. ಆ ಟೋಕನ್ ಕೈಯಲ್ಲಿದ್ದವನದೇ ಆ ಹಳಿ. ಇದೂ ಹೆಚ್ಚು ಕಡಿಮೆ ಹಾಗೆಯೇ. ನನ್ನ ನೆರೆಯವರ ಹಲಗೆಯಲ್ಲಿ ಇಂಥ ಸ್ವಿಚ್ಚುಗಳು ಇಪ್ಪತ್ತನಾಲ್ಕು ಇದ್ದವು. ಎಡಗೈಯಲ್ಲಿ ಸ್ವಿಚ್ಚು, ಬಲಗೈಯಲ್ಲಿ ವೇಗದ ಗುಂಡಿ. ಅವರು ಹಾರ್ಮೋನಿಯಂ ನುಡಿಸುವವರ ಹಾಗೆ ಓಡಿಸುತ್ತಿದ್ದರು.

ನಾಲ್ಕೈದು ವರ್ಷಗಳ ಹಿಂದೆ ಅವರಿಗೆ ಕೈನಡುಕ ಶುರುವಾಯಿತು. ಒಂದು ಸ್ವಿಚ್ಚು ಒತ್ತಲು ಹೋದರೆ ಪಕ್ಕದ್ದಕ್ಕೆ ತಾಗುತ್ತಿತ್ತು. ಗುಂಡಿ ತಿರುಗಿಸಿದರೆ ಎಂಜಿನ್ ಒಮ್ಮೆಲೇ ಜಿಗಿದು ವ್ಯಾಗನ್ನಿಗೆ ಢಿಕ್ಕಿ ಹೊಡೆಯುತ್ತಿತ್ತು. ಒಂದು ದಿನ ಅಟ್ಟದಿಂದ ಇಳಿದು ಬಂದವರು ಮತ್ತೆ ಹತ್ತಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಆ ಜಿಂಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ಈಗೇನೋ ಡಿಜಿಟಲ್ ಅಂತಾರಲ್ಲ, ಇದಕ್ಕೆ ಹಾಕೋದಕ್ಕೆ ಆಗುತ್ತಾ? ಆದರೆ ಕತ್ತರಿಸಬೇಡ, ತೂತು ಕೊರೆಯಬೇಡ" ಎಂದರು.

ಡಿಜಿಟಲ್ ಎಂದರೇನು? ಶಾಲೆಯ ಭಾಷೆಯಲ್ಲೇ ಹೇಳುತ್ತೇನೆ. ಮೇಷ್ಟ್ರು ಹಾಜರಿ ಕೂಗುತ್ತಾರೆ. "ನಂಬರ್ ಮೂರು" ಎಂದರೆ ಇಡೀ ತರಗತಿಗೆ ಕೇಳಿಸುತ್ತದೆ. ಆದರೆ "ಹಾಜರ್ ಸಾರ್" ಎನ್ನುವುದು ಮೂರನೇ ನಂಬರಿನವನು ಮಾತ್ರ. ಡಿಜಿಟಲ್ ರೈಲಿನಲ್ಲಿಯೂ ಅಷ್ಟೇ. ಹಳಿಗೆ ಸದಾಕಾಲ ಸುಮಾರು 15 ವೋಲ್ಟು ಇರುತ್ತದೆ, ಹೆಚ್ಚು ಕಡಿಮೆ ಮಾಡುವುದೇ ಇಲ್ಲ. ಅದರ ಧನ ಋಣಗಳು ಮಾತ್ರ ಅತಿ ವೇಗವಾಗಿ ಅದಲು ಬದಲಾಗುತ್ತಿರುತ್ತವೆ. ಅದಲು ಬದಲಿನ ಒಂದೊಂದು ಅರ್ಧ 58 ಮೈಕ್ರೋಸೆಕೆಂಡ್ ಇದ್ದರೆ ಅದು 'ಒಂದು'. 100 ಮೈಕ್ರೋಸೆಕೆಂಡ್ ಇದ್ದರೆ ಅದು 'ಸೊನ್ನೆ'. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಒಂದು ಸೊನ್ನೆಗಳ ಸಾಲಿನಲ್ಲಿ ಮೊದಲು ಬರುವುದು "ಎಲ್ಲರೂ ಗಮನಿಸಿ" ಎಂಬ ಸೂಚನೆ, ಆಮೇಲೆ ಎಂಜಿನ್ನಿನ ನಂಬರು, ಆಮೇಲೆ "ಮುಂದಕ್ಕೆ, ಇಷ್ಟು ವೇಗ" ಎಂಬ ಆಜ್ಞೆ. ಕೊನೆಗೆ ಒಂದು ತಾಳೆಯ ಅಂಕಿ. ಅಂಗಡಿಯ ಚೀಟಿಯಲ್ಲಿ ಕೊನೆಗೆ ಒಟ್ಟು ಬರೆದಿರುತ್ತಾರಲ್ಲ, ಹಾಗೆ. ಲೆಕ್ಕ ತಾಳೆಯಾಗದಿದ್ದರೆ ಎಂಜಿನ್ ಆ ಚೀಟಿಯನ್ನೇ ಬಿಸಾಡುತ್ತದೆ, ಮುಂದಿನದಕ್ಕೆ ಕಾಯುತ್ತದೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಈ ಹಾಜರಿ ಕೂಗು ನಡೆಯುವುದರಿಂದ ಒಂದೆರಡು ತಪ್ಪಿದರೂ ತೊಂದರೆಯಿಲ್ಲ.

ಈ ಕೂಗನ್ನು ಕೇಳಿಸಿಕೊಳ್ಳುವ ಕಿವಿಯ ಹೆಸರು ಡಿಕೋಡರ್. ಅಂಚೆ ಚೀಟಿಗಿಂತ ಚಿಕ್ಕದು. ಅದನ್ನು ಎಂಜಿನ್ನಿನ ಒಳಗೆ, ಹಳಿಗೂ ಮೋಟರಿಗೂ ನಡುವೆ ಕೂರಿಸಬೇಕು. ಜರ್ಮನಿಯ ಲೆನ್ಸ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಇದಕ್ಕೊಂದು ಮಾನದಂಡ ಗೊತ್ತುಮಾಡಿತು. ಆ ಮಾನದಂಡ ಯಾರು ಬೇಕಾದರೂ ಓದಬಹುದಾದದ್ದು. ಆದ್ದರಿಂದ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಯಂತ್ರದ ಮಾತು ಕೇಳುತ್ತದೆ. ತಂತಿಯ ಬಣ್ಣಗಳೂ ಗೊತ್ತಾಗಿವೆ. ಕೆಂಪು, ಕಪ್ಪು ಹಳಿಯಿಂದ ಬರುವವು. ಕಿತ್ತಳೆ, ಬೂದು ಮೋಟರಿಗೆ ಹೋಗುವವು. ನೀಲಿ, ಬಿಳಿ, ಹಳದಿ ದೀಪಕ್ಕೆ.

ಇಂದಿನ ಎಂಜಿನ್ನುಗಳಲ್ಲಿ ಡಿಕೋಡರ್ ಸಿಕ್ಕಿಸಲು ಜಾಗ ಮೊದಲೇ ಮಾಡಿರುತ್ತಾರೆ. ಅರುವತ್ತು ವರ್ಷ ಹಿಂದಿನ ಜಿಂಟಿಯಲ್ಲಿ ಅದೆಲ್ಲಿ ಬರಬೇಕು? ಅಷ್ಟೇ ಅಲ್ಲ, ಅದರಲ್ಲಿ ಇನ್ನೂ ಒಂದು ತೊಡಕಿದೆ. ಆ ಕಾಲದ ಮೋಟರಿನಲ್ಲಿ ಎರಡು ಕಾರ್ಬನ್ ಬ್ರಷ್ಷುಗಳಿವೆ. ಒಂದಕ್ಕೆ ತಂತಿಯಿಂದ ಕರೆಂಟು ಬರುತ್ತದೆ. ಇನ್ನೊಂದು ನೇರವಾಗಿ ಲೋಹದ ಚೌಕಟ್ಟಿಗೆ ತಾಗಿಕೊಂಡಿರುತ್ತದೆ. ಚೌಕಟ್ಟು ಚಕ್ರಕ್ಕೆ, ಚಕ್ರ ಹಳಿಗೆ. ಒಂದು ತಂತಿ ಉಳಿಯಿತು, ನಾಲ್ಕು ಕಾಸು ಉಳಿಯಿತು. ಹಳೆಯ ಪದ್ಧತಿಗೆ ಅದು ಸರಿಯಾಗಿಯೇ ಇತ್ತು. ಆದರೆ ಡಿಕೋಡರ್ ಕೂರಿಸಿದ ಮೇಲೆ ಮೋಟರಿನ ಎರಡು ಬ್ರಷ್ಷುಗಳಿಗೂ ಡಿಕೋಡರಿನಿಂದ ಮಾತ್ರ ಕರೆಂಟು ಬರಬೇಕು. ಹಳಿಯ ಕರೆಂಟು ಯಾವ ಕಳ್ಳದಾರಿಯಿಂದಲೂ ಮೋಟರನ್ನು ಮುಟ್ಟಬಾರದು. ಗದ್ದೆಗೆ ತೂಬು ಎಷ್ಟು ಚೆನ್ನಾಗಿ ಕೂರಿಸಿದರೇನು, ಪಕ್ಕದಲ್ಲಿ ಬದು ಒಡೆದಿದ್ದರೆ? ಗದ್ದೆಯಲ್ಲಾದರೆ ಪೈರು ಕೊಚ್ಚಿಹೋಗುತ್ತದೆ. ಇಲ್ಲಿ ಡಿಕೋಡರ್ ಸುಟ್ಟುಹೋಗುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಹೆಸರು ಹೇಳಿ ಹೊಗಳಿದರೆ ಈಗಲೂ ಬೈಯುತ್ತಾರೆ, ಅದಕ್ಕೆ ಮೇಷ್ಟ್ರು ಎಂದಷ್ಟೇ ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ಅವರು ತಾಮ್ರದ ತಂತಿ ಸುತ್ತಿ, ಎರಡು ಅಯಸ್ಕಾಂತ ಇಟ್ಟು, ಹಲಗೆಯ ಮೇಲೆ ಒಂದು ಮೋಟರ್ ಮಾಡಿ ತೋರಿಸಿದ್ದರು. ಅದು ತಿರುಗಲಿಲ್ಲ. ನಾವೆಲ್ಲ ನಕ್ಕೆವು. ಅವರಿಗೆ ಸಿಟ್ಟು ಬರಲಿಲ್ಲ. "ನಗೋದು ಆಮೇಲೆ, ಕರೆಂಟು ಎಲ್ಲಿಯವರೆಗೆ ಬಂದಿದೆ ಅಂತ ಮೊದಲು ಹುಡುಕಿ" ಎಂದು ಒಂದು ಟಾರ್ಚ್ ಬಲ್ಬು, ಎರಡು ತಂತಿ ಕೊಟ್ಟರು. ತಂತಿಯ ತುದಿಯ ಮೆರುಗೆಣ್ಣೆಯನ್ನು ಕೆರೆದಿರಲಿಲ್ಲ, ಅಷ್ಟೇ. ಕೆರೆದ ಮೇಲೆ ತಿರುಗಿತು. ನನ್ನ ವೃತ್ತಿಯೆಲ್ಲ ಅವತ್ತಿನ ಆ ಬಲ್ಬಿನಿಂದ ಬಂದದ್ದು.

ಜಿಂಟಿಯ ಕೆಲಸವನ್ನೂ ಹಾಗೆಯೇ ಶುರು ಮಾಡಿದೆ. ಮೊದಲ ನಿಯಮ, ಹಳೆಯ ಪದ್ಧತಿಯಲ್ಲಿ ನೆಟ್ಟಗೆ ಓಡದ ಎಂಜಿನ್ ಹೊಸ ಪದ್ಧತಿಯಲ್ಲೂ ಓಡುವುದಿಲ್ಲ. ಡಿಕೋಡರ್ ಔಷಧಿಯಲ್ಲ. ಆದ್ದರಿಂದ ಬಿಚ್ಚಿ, ಗಟ್ಟಿಯಾಗಿದ್ದ ಹಳೆಯ ಎಣ್ಣೆ ಒರೆಸಿದೆ. ಬ್ರಷ್ಷು ಉಜ್ಜುವ ತಾಮ್ರದ ಉಂಗುರಕ್ಕೆ ಕಮ್ಯುಟೇಟರ್ ಎಂದು ಹೆಸರು. ಅದರ ಮೂರು ತುಂಡುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿತ್ತು. ಬಿದಿರಿನ ಹಲ್ಲುಕಡ್ಡಿಯಿಂದ ತೆಗೆದೆ. ಲೋಹದ ಸೂಜಿ ಹಾಕಬಾರದು, ಗೀರು ಬೀಳುತ್ತದೆ. ಮೂರು ಸುರುಳಿಗಳ ರೋಧವನ್ನು ಮೀಟರಿನಿಂದ ಅಳೆದೆ. ಮೂರೂ ಹೆಚ್ಚು ಕಡಿಮೆ ಒಂದೇ ಬಂದವು. ಸುರುಳಿ ಸುಟ್ಟಿಲ್ಲ ಎಂದು ಅರ್ಥ. ಒಂದು ಹನಿ ಎಣ್ಣೆ ಬಿಟ್ಟು, 12 ವೋಲ್ಟು ಕೊಟ್ಟು ಓಡಿಸಿದೆ. ಆಮೇಲೆ ಚಕ್ರವನ್ನು ಬೆರಳಿನಿಂದ ಒಂದು ಕ್ಷಣ ಒತ್ತಿಹಿಡಿದು ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡಿದೆ. 1.2 ಆಂಪಿಯರಿಗಿಂತ ತುಸು ಹೆಚ್ಚು. ಈಗಿನ ಚಿಕ್ಕ ಮೋಟರುಗಳು ಇದರ ಅರ್ಧವನ್ನೂ ಎಳೆಯುವುದಿಲ್ಲ. ಆದ್ದರಿಂದ 1.5 ಆಂಪಿಯರ್ ಸತತವಾಗಿ ತಾಳುವ ಡಿಕೋಡರನ್ನೇ ತರಿಸಿದೆ.

ಆ ಮೋಟರಿನ ಬ್ರಷ್ಷುಗಳನ್ನು ಒತ್ತಿಹಿಡಿಯುವುದು ಹೆಂಗಸರ ತಲೆಪಿನ್ನಿನಂತೆ ಬಾಗಿದ ಒಂದೇ ಸ್ಪ್ರಿಂಗ್ ತಂತಿ. ಅದರ ಒಂದು ಕಾಲಿಗೆ ಮಾತ್ರ ಕಾರ್ಖಾನೆಯಲ್ಲೇ ಒಂದು ಚಿಕ್ಕ ಕೊಳವೆ ತೊಡಿಸಿರುತ್ತಾರೆ, ಕರೆಂಟು ಹಾಯದಂತೆ. ಇನ್ನೊಂದು ಕಾಲು ಬರಿದು, ಚೌಕಟ್ಟಿನ ಕರೆಂಟು ಬ್ರಷ್ಷಿಗೆ ಬರುವುದು ಅದರ ಮೂಲಕವೇ. ಉಪಾಯ ಬಹಳ ಸುಲಭ. ಸ್ಪ್ರಿಂಗ್ ಕಳಚಿ, ಬರಿದಾದ ಕಾಲಿಗೂ ಒಂದು ಕೊಳವೆ ತೊಡಿಸಿ ಮತ್ತೆ ಹಾಕುವುದು. ಕತ್ತರಿಸುವುದಿಲ್ಲ, ಕೊರೆಯುವುದಿಲ್ಲ. ನಾಳೆ ಬೇಡವೆಂದರೆ ಕೊಳವೆ ತೆಗೆದರೆ ಮೊದಲಿನಂತೆಯೇ ಆಗುತ್ತದೆ. ಹಿರಿಯರ ಮಾತು ಉಳಿಯಿತು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಕೊಳವೆ ತೊಡಿಸಿ, ಸ್ಪ್ರಿಂಗ್ ಹಾಕಿ, ತಂತಿಗಳನ್ನು ಬೆಸುಗೆ ಹಾಕಿದೆ. ಡಿಕೋಡರ್ ಕೂರಿಸಿದ ಎಂಜಿನ್ನನ್ನು ಮೊದಲು ಪ್ರೋಗ್ರಾಮಿಂಗ್ ಹಳಿ ಎಂಬ ಬೇರೆ ತುಂಡಿನ ಮೇಲೆ ಇಡಬೇಕು. ಅಲ್ಲಿ ಬಹಳ ಕಡಿಮೆ ಕರೆಂಟು ಹರಿಯುತ್ತದೆ, ತಪ್ಪಿದ್ದರೆ ಏನೂ ಸುಡುವುದಿಲ್ಲ, ತಪ್ಪಿದೆ ಎಂದು ಗೊತ್ತಾಗುತ್ತದೆ. ಅದಕ್ಕೂ ಮೊದಲು ಮೀಟರ್ ಹಿಡಿದು, ಎರಡು ಬ್ರಷ್ಷುಗಳಿಗೂ ಚೌಕಟ್ಟಿಗೂ ಸಂಪರ್ಕ ಇಲ್ಲವೆಂದು ನೋಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಬೇರೆಯವರಿಗೆ ಹೇಳಿಯೂ ಇದ್ದೆ. ಆದರೆ ಬೆಳಗ್ಗೆಯಿಂದ ಎಲ್ಲವನ್ನೂ ಅಳೆದಿದ್ದೇನಲ್ಲ, ಇನ್ನೇನು ಎಂದು ನೇರವಾಗಿ ಓಡುವ ಹಳಿಯ ಮೇಲೆ ಇಟ್ಟುಬಿಟ್ಟೆ.

ಎಂಜಿನ್ ಅಲುಗಾಡಲಿಲ್ಲ. ಎಲ್ಲೋ ಚಿಟ್ ಎಂದು ಸಣ್ಣ ಸದ್ದು. ಆಮೇಲೆ ಆ ಹೊಗೆ ಕೊಳವೆಯಿಂದಲೇ, ನಿಜವಾದ ರೈಲಿನ ಹಾಗೆ, ಒಂದೆಳೆ ಹೊಗೆ ಎದ್ದಿತು. ನಗಬೇಡಿ. ಸುಟ್ಟ ವಾಸನೆ ಮೂಗಿಗೆ ಬಂದಾಗ ನನ್ನ ಕೈಕಾಲು ತಣ್ಣಗಾಯಿತು. ಡಿಕೋಡರಿಗೆ ದುಡ್ಡು ಕೊಟ್ಟರೆ ಇನ್ನೊಂದು ಬರುತ್ತದೆ. ಮೋಟರೂ ಸುಟ್ಟಿದ್ದರೆ? ತಮ್ಮನಿಗೆಂದು ಕೊಂಡ ಎಂಜಿನ್ ಅದು.

ಆಗಿದ್ದು ಇಷ್ಟು. ನಾನು ಹೊಸ ಕೊಳವೆ ತೊಡಿಸಿದ ಕಾಲು ಸರಿಯಾಗಿತ್ತು. ಇನ್ನೊಂದು ಕಾಲಿನ ಹಳೆಯ ಕೊಳವೆ ಅರುವತ್ತು ವರ್ಷದಲ್ಲಿ ಒಣಗಿ ಗಟ್ಟಿಯಾಗಿತ್ತು. ಸ್ಪ್ರಿಂಗನ್ನು ಕಳಚಿ ಹಾಕುವಾಗ ಅದು ಬಿರಿದಿದೆ. ಬಿರುಕಿನ ಮೂಲಕ ಹಳಿಯ ಕರೆಂಟು ಮೋಟರಿಗೆ, ಮೋಟರಿನಿಂದ ಹಿಂದಕ್ಕೆ ಡಿಕೋಡರಿಗೆ. ಅಳೆದಿರಲಿಲ್ಲ ಎಂದಲ್ಲ, ಬಿಚ್ಚುವ ಮುಂಚೆ ಅಳೆದಿದ್ದೆ. ಕಟ್ಟಿದ ಮೇಲೆ ಅಳೆದಿರಲಿಲ್ಲ. ನಾನು ಮಾಡಿದ ಹೊಸ ಕೆಲಸವನ್ನು ಮತ್ತೆ ಮತ್ತೆ ನೋಡಿದ್ದೆ. ಹಳೆಯದು ಹೇಗೂ ಸರಿಯಿದೆ ಎಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಅವರ ಮನೆಗೆ ಹೋಗಿ ಹೇಳಿದೆ. ಹೇಳದೆಯೇ ಬೇರೆ ಡಿಕೋಡರ್ ಹಾಕಿ ಕೊಡಬಹುದಿತ್ತು ಎಂಬ ಯೋಚನೆ ರಾತ್ರಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವರು ಪೂರ್ತಿ ಕೇಳಿದರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ಸುರುಳಿ ಅಳೆದೆಯಾ?" ಎಂದು ಕೇಳಿದರು. ಇಲ್ಲ, ಧೈರ್ಯ ಬರಲಿಲ್ಲ ಎಂದೆ. "ತಗೊಂಡು ಬಾ, ಇಬ್ಬರೂ ಸೇರಿ ಅಳೆಯೋಣ" ಎಂದರು. ಅವರ ಅಡುಗೆಮನೆಯ ಮೇಜಿನ ಮೇಲೆ ನಾನು ಮೀಟರಿನ ಕಡ್ಡಿ ಹಿಡಿದೆ, ಅವರು ಕನ್ನಡಕ ಹಾಕಿಕೊಂಡು ಅಂಕಿ ಓದಿದರು. ಒಂದು, ಎರಡು, ಮೂರು. ಮೂರೂ ಒಂದೇ. ಮೋಟರ್ ಬದುಕಿತ್ತು. ಅವರು ಎದ್ದು ಚಹಾಕ್ಕೆ ನೀರಿಟ್ಟರು.

ಎರಡನೆಯ ಸಲ ಅವಸರ ಮಾಡಲಿಲ್ಲ. ಎರಡೂ ಕಾಲಿಗೆ ಹೊಸ ಕೊಳವೆ. ಒಂದೊಂದು ಹಂತ ಮುಗಿದಾಗಲೂ ಮೀಟರ್. ಹಳೆಯ ಕೊಳವೆ, ತೆಗೆದ ತಂತಿ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ, ಏನೇನು ಎಲ್ಲಿಂದ ತೆಗೆದದ್ದು ಎಂದು ಬರೆದಿಟ್ಟೆವು. ಮುಂದೆ ಯಾರಾದರೂ ಮೊದಲಿನಂತೆ ಮಾಡಬೇಕೆಂದರೆ ಮಾಡಬಹುದು. ಪ್ರೋಗ್ರಾಮಿಂಗ್ ಹಳಿಯ ಮೇಲೆ ಇಟ್ಟಾಗ ಡಿಕೋಡರ್ ತನ್ನ ನಂಬರ್ ಮೂರು ಎಂದು ಸರಿಯಾಗಿ ಉತ್ತರ ಕೊಟ್ಟಿತು. ಹೊಸ ಡಿಕೋಡರುಗಳೆಲ್ಲ ಹುಟ್ಟುವಾಗ ನಂಬರ್ ಮೂರೇ. ಜಿಂಟಿಯ ಮೈಮೇಲೆ 47606 ಎಂದು ಬರೆದಿದೆ. ಕೊನೆಯ ನಾಲ್ಕು ಅಂಕಿ ತೆಗೆದುಕೊಂಡು 7606 ಎಂದು ಹಾಜರಿ ಸಂಖ್ಯೆ ಕೊಟ್ಟೆವು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಡಿಕೋಡರಿನಲ್ಲಿ ಕೆಲವು ಅಂಕಿಗಳನ್ನು ನಾವೇ ಬರೆದಿಡಬಹುದು. ಎರಡನೆಯ ಮನೆಯಲ್ಲಿ ಬರೆದ ಅಂಕಿ, ಹೊರಡುವಾಗ ಎಷ್ಟು ವೋಲ್ಟು ಎಂಬುದು. ಐದನೆಯದು, ಅತಿ ಹೆಚ್ಚು ವೇಗ ಎಷ್ಟು ಎಂಬುದು. ಮೂರನೆಯದು, ವೇಗ ಎಷ್ಟು ನಿಧಾನವಾಗಿ ಏರಬೇಕು. ನಾಲ್ಕನೆಯದು, ಎಷ್ಟು ನಿಧಾನವಾಗಿ ಇಳಿಯಬೇಕು. ಮೂರು ನಾಲ್ಕರಲ್ಲಿ ದೊಡ್ಡ ಅಂಕಿ ಬರೆದರೆ ನೀವು ಗುಂಡಿಯನ್ನು ಸರಕ್ಕನೆ ತಿರುಗಿಸಿದರೂ ಎಂಜಿನ್ ನಿಜವಾದ ರೈಲಿನ ಹಾಗೆ ಭಾರ ಎಳೆಯುತ್ತ ಮೆಲ್ಲನೆ ಹೊರಡುತ್ತದೆ. ಇನ್ನೂ ಒಂದಿದೆ. ಮೋಟರನ್ನು ತಿರುಗಿಸಿದರೆ ಅದೇ ಡೈನಮೋ ಆಗುತ್ತದೆ ಎಂದು ಓದಿದ್ದೀರಿ. ಡಿಕೋಡರ್ ಆಗಾಗ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಕರೆಂಟು ನಿಲ್ಲಿಸಿ, ತಿರುಗುತ್ತಿರುವ ಮೋಟರ್ ತಾನೇ ಎಷ್ಟು ವೋಲ್ಟು ಹುಟ್ಟಿಸುತ್ತಿದೆ ಎಂದು ಅಳೆಯುತ್ತದೆ. ಅದರಿಂದ ವೇಗ ತಿಳಿದು, ಕಡಿಮೆಯಿದ್ದರೆ ಹೆಚ್ಚಿಸುತ್ತದೆ. ಪಠ್ಯದಲ್ಲಿ ಪರೀಕ್ಷೆಗೆಂದು ಓದಿದ್ದ ಸಂಗತಿ ಹೆಬ್ಬೆರಳಿನ ಗಾತ್ರದ ಎಂಜಿನ್ನಿನೊಳಗೆ ಕೆಲಸ ಮಾಡುತ್ತಿರುತ್ತದೆ. ಹಳೆಯ ಮೋಟರುಗಳಿಗೆ ಇದು ಕೆಲವೊಮ್ಮೆ ಒಗ್ಗುವುದಿಲ್ಲ, ತಡವರಿಸುತ್ತವೆ. ಜಿಂಟಿಗೂ ಎರಡು ಸಂಜೆ ಕುಳಿತು ಅಂಕಿ ಬದಲಾಯಿಸಿ ಬದಲಾಯಿಸಿ ಹದ ಮಾಡಬೇಕಾಯಿತು.

ಆಮೇಲೆ ಅವರ ಅಟ್ಟದಲ್ಲಿ ಹಳಿಯ ಮೇಲೆ ಇಟ್ಟೆವು. ಇಪ್ಪತ್ತನಾಲ್ಕು ಸ್ವಿಚ್ಚುಗಳನ್ನೂ ಹಾಕಿಯೇ ಬಿಟ್ಟೆವು, ಇನ್ನು ಅವುಗಳ ಕೆಲಸವಿಲ್ಲ. ಹಿರಿಯರ ಕೈಗೆ ಒಂದೇ ಗುಂಡಿ. ಅವರ ಕೈ ನಡುಗುತ್ತಲೇ ಇತ್ತು, ಗುಂಡಿಯೂ ಹಿಂದೆ ಮುಂದೆ ಅಲುಗುತ್ತಿತ್ತು. ಆದರೆ ಜಿಂಟಿ ಜಿಗಿಯಲಿಲ್ಲ. ಒಂದು ಇಂಚು, ಎರಡು ಇಂಚು, ಮೆಲ್ಲಗೆ ಹೋಗಿ ವ್ಯಾಗನ್ನಿಗೆ ಟಕ್ ಎಂದು ತಾಗಿ ಜೋಡಿಸಿಕೊಂಡಿತು. ಮೂರನೆಯ ಮನೆಯ ಆ ಒಂದು ಅಂಕಿ ಅವರ ಕೈಯ ನಡುಕವನ್ನು ಎಂಜಿನ್ನಿಗೆ ತಲುಪದಂತೆ ತಡೆದಿತ್ತು. ಅವರು ಏನೂ ಮಾತಾಡಲಿಲ್ಲ. ವ್ಯಾಗನ್ನನ್ನು ಯಾರ್ಡಿನ ಇನ್ನೊಂದು ಕಡೆಗೆ ನೂಕಿದರು, ಮತ್ತೆ ಎಳೆದು ತಂದರು. ನಾನು ಕೆಳಗೆ ಇಳಿದು ಬಂದೆ. ಸಂಜೆಯವರೆಗೂ ಮೇಲಿನಿಂದ ಚಕ್ರದ ಸದ್ದು ಕೇಳಿಸುತ್ತಿತ್ತು ಎಂದು ಅವರ ಮಗಳು ಆಮೇಲೆ ಹೇಳಿದರು.

ಹಳೆಯದನ್ನೆಲ್ಲ ಹೀಗೆ ಬದಲಾಯಿಸಬೇಕು ಎಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯನ್ನೇ ತೆರೆಯದೆ ಕಾಪಾಡಿಟ್ಟ ಅಪರೂಪದ ಎಂಜಿನ್ನುಗಳಿವೆ, ಅವನ್ನು ಮುಟ್ಟಬಾರದು. ಕೆಲವಕ್ಕೆ ಲೋಹ ಕತ್ತರಿಸದೆ ಬೇರೆ ದಾರಿಯೇ ಇಲ್ಲ, ಅಂಥವು ಹಳೆಯ ಪದ್ಧತಿಯಲ್ಲೇ ಓಡಲಿ. ಆ ಹಿರಿಯರ ಹತ್ತಿರವೇ ಇನ್ನೂ ನಾಲ್ಕು ಎಂಜಿನ್ನುಗಳಿದ್ದವು. ಎರಡನ್ನು ಮಾಡಿದೆವು, ಎರಡನ್ನು ಬಿಟ್ಟೆವು. ಯಾರಿಗಾಗಿ ಬದಲಾಯಿಸುತ್ತೇವೆ, ಬೇಡವೆಂದರೆ ಮೊದಲಿನಂತೆ ಮಾಡಲು ಆಗುತ್ತದೆಯೇ, ಈ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು.

ಈ ಬೆಂಚಿನ ಮೇಲಿರುವ ಜಿಂಟಿ ಅವರದಲ್ಲ, ಅದೇ ಜಾತಿಯದು. ಹಳೆಯ ಸಾಮಾನಿನ ಸಂತೆಯಲ್ಲಿ ಕೆಟ್ಟುಹೋದದ್ದು ಸಿಕ್ಕಿತು, ರಿಪೇರಿ ಮಾಡಿದೆ. ಪಕ್ಕದಲ್ಲಿರುವ ಹಸಿರು ಎಂಜಿನ್ ಹೊಸ ಕಾಲದ್ದು. ಇದರ ನಂಬರ್ 7606, ಅದರ ನಂಬರ್ 3. ಎರಡೂ ಒಂದೇ ಹಳಿಯ ಮೇಲಿವೆ. ಭಾಷಣ ಮುಗಿದ ಮೇಲೆ ಮಕ್ಕಳೇ ಓಡಿಸಿ ನೋಡಬೇಕು. ಇವನ್ನು, ಈ ಹಳಿಯನ್ನು, ಐದು ಮಲ್ಟಿಮೀಟರುಗಳನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ವಿನಂತಿ. ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ ಸಾರ್. ಮಕ್ಕಳು ಬಿಚ್ಚಲಿ. ಒಂದೆರಡು ಸುಟ್ಟರೆ ಸುಡಲಿ. ಸುಟ್ಟಿತು ಎಂದು ಬಂದು ಹೇಳುವ ಧೈರ್ಯ ಅವರಿಗೆ ಇರುವಂತೆ ನೋಡಿಕೊಳ್ಳಿ.

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ. ಇವತ್ತು ಬೆಳಗ್ಗೆ ಪ್ರಯೋಗಾಲಯ ನೋಡಲು ಹೋಗಿದ್ದೆ. ಮೇಷ್ಟ್ರು ಮಾಡಿದ ಆ ಹಲಗೆಯ ಮೋಟರ್ ಕಪಾಟಿನ ಕೆಳಗಿನ ಖಾನೆಯಲ್ಲಿ ಇನ್ನೂ ಇದೆ. ತಿರುಗುತ್ತಿರಲಿಲ್ಲ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಜೊತೆಗೆ ಬಂದಿದ್ದರು. ಅವರ ಕೈಗೆ ಒಂದು ಮೀಟರ್ ಕೊಟ್ಟು, "ಕರೆಂಟು ಎಲ್ಲಿಯವರೆಗೆ ಬಂದಿದೆ ನೋಡಿ" ಎಂದಷ್ಟೇ ಹೇಳಿ ನಾನು ತಿಂಡಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಕಿಲುಬು ಕೆರೆದು, ಸೆಲ್ಲು ಬದಲಾಯಿಸಿ, ತಿರುಗಿಸಿದ್ದರು. ಮೇಷ್ಟ್ರೇ, ನಿಮಗೆ ತೋರಿಸಬೇಕೆಂದು ಅವರು ಅದನ್ನು ಹೊರಗೆ ಜಗುಲಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಾರೆ.